ರೂಟರ್ ಬದಲಿಸಿ ಹದಿನೆಂಟು ತಿಂಗಳು: ಬೆಂಗಳೂರಿನ ಗೋವಿಂದರಾಜನಗರದ ನಮ್ಮ ಮನೆಯ ಅನುಭವ

ಅಮ್ಮ ದಿನಾ ಸಂಜೆ ನಾಲ್ಕಕ್ಕೆ ತೀರ್ಥಹಳ್ಳಿಯ ಚಿಕ್ಕಮ್ಮನಿಗೆ ವಿಡಿಯೋ ಕಾಲ್ ಮಾಡುತ್ತಾರೆ. ಮಾತು ಶುರುವಾಗುವುದು ಕೆಳಗಿನ ಅಡುಗೆಮನೆಯಲ್ಲಿ, ಕಾಫಿ ಲೋಟ ಹಿಡಿದುಕೊಂಡು. ಮುಗಿಯುವುದು ಎರಡು ಮಹಡಿ ಮೇಲೆ, ಟೆರೇಸಿನಲ್ಲಿ, ಒಣಗಿದ ಬಟ್ಟೆ ಮಡಚುತ್ತಾ. ನಡುವೆ ಮೆಟ್ಟಿಲಿದೆ. ಮೊದಲ ತಿರುವಿಗೆ ಬಂದ ಕೂಡಲೇ ಚಿಕ್ಕಮ್ಮನ ಮುಖ ಹಾಗೇ ನಿಂತುಬಿಡುತ್ತಿತ್ತು. "ಹಲೋ, ಕೇಳಿಸ್ತಿದ್ಯೇನೇ? ಹಲೋ?" ಎಂದು ಅಮ್ಮ ಅಲ್ಲೇ ನಿಂತು ಕೂಗುತ್ತಿದ್ದರು. ಕೊನೆಕೊನೆಗೆ ಅವರು ಮಾತಾಡುತ್ತಾ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು. ಕೆಳಗೇ ಕೂತು ಬೇಗ ಮುಗಿಸಿ, ಆಮೇಲೆ ಬಟ್ಟೆಗೆ ಹೋಗುತ್ತಿದ್ದರು.

ಆ ತಿರುವಿಗಾಗಿಯೇ ನಾನು ರೂಟರ್ ಬದಲಿಸಿದ್ದು. ಸ್ಪೀಡ್ ಜಾಸ್ತಿ ಬೇಕು ಅಂತ ಅಲ್ಲ. ಹದಿನೆಂಟು ತಿಂಗಳಲ್ಲಿ ಇದಕ್ಕೆ ಒಟ್ಟು 10,800 ರೂಪಾಯಿ ಖರ್ಚಾಗಿದೆ. ಅದರಲ್ಲಿ ಮೊದಲ 1,500 ಪೂರ್ತಿ ದಂಡ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮದು ಇಪ್ಪತ್ತು ಮೂವತ್ತರ ಸೈಟು. ಕೆಳಗೆ ಹಾಲ್, ಅಡುಗೆಮನೆ, ಅಮ್ಮನ ರೂಮು. ಮೊದಲ ಮಹಡಿಯಲ್ಲಿ ನಾನು ಮತ್ತು ನನ್ನ ಹೆಂಡತಿ. ಮೇಲೆ ಮಗನ ರೂಮು, ಟೆರೇಸು. ಅಗಲಕ್ಕಿಂತ ಎತ್ತರವೇ ಜಾಸ್ತಿ ಇರುವ ಮನೆ. ವೈ-ಫೈಗೆ ಇಂಥ ಮನೆ ಕಷ್ಟ. ಗೋಡೆಯನ್ನಾದರೂ ಸಿಗ್ನಲ್ ಹೇಗೋ ದಾಟುತ್ತದೆ, ಕಬ್ಬಿಣ ಕಟ್ಟಿ ಹಾಕಿದ ಆರ್‌ಸಿಸಿ ಮೋಲ್ಡ್ ದಾಟುವಾಗ ಸೋತುಹೋಗುತ್ತದೆ. ಫೈಬರ್ ಕಂಪನಿಯವರು ಪುಕ್ಕಟೆ ಕೊಟ್ಟ ಡಬ್ಬಿ ಕೆಳಗಿನ ಹಾಲ್‌ನಲ್ಲಿ ಟಿವಿ ಪಕ್ಕ ಕೂತಿತ್ತು. ಕಂಬದಿಂದ ವೈರ್ ಬಂದಿದ್ದು ಅಲ್ಲಿಗೆ, ಹಾಗಾಗಿ ಅಲ್ಲೇ ಇಟ್ಟು ಹೋದರು. ಅದರಲ್ಲಿ ಇದ್ದದ್ದು 2.4 ಗಿಗಾಹರ್ಟ್ಸ್ ಬ್ಯಾಂಡ್, ಅಂದರೆ ವೈ-ಫೈ ತರಂಗದ ಹಳೆಯ ಪಟ್ಟಿ, ಅದೊಂದೇ. ನಮ್ಮ ಬೀದಿಯಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಹಾಲ್‌ನಲ್ಲಿ ನಿಂತು ನೋಡಿದರೆ ಫೋನಿನಲ್ಲಿ 31 ವೈ-ಫೈ ಹೆಸರು ಕಾಣಿಸುತ್ತಿತ್ತು. ಈ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಅಂದರೆ 1, 6, 11. ಮೂರೇ. ಮೂವತ್ತು ಮನೆಯವರು ಆ ಮೂರರಲ್ಲೇ ಹಂಚಿಕೊಳ್ಳಬೇಕು.

ಮೊದಲ ಸಲ ಆನ್‌ಲೈನಿನಲ್ಲಿ 1,500 ರೂಪಾಯಿಗೆ ಡ್ಯುಯಲ್ ಬ್ಯಾಂಡ್ ರೂಟರ್ ತರಿಸಿದೆ, ಅಂದರೆ 2.4ರ ಜೊತೆ 5 ಗಿಗಾಹರ್ಟ್ಸ್ ಕೂಡ ಇರುವುದು. ಡಬ್ಬದ ಮೇಲೆ ದೊಡ್ಡದಾಗಿ ಎಸಿ1200 ಎಂದು ಬರೆದಿತ್ತು. ನಮ್ಮ ಪ್ಲಾನ್ 200 ಎಂಬಿಪಿಎಸ್. ಸಾವಿರದ ಇನ್ನೂರು ಇದ್ದ ಮೇಲೆ ಇನ್ನೂರಕ್ಕೆ ಏನು ತೊಂದರೆ ಎಂದುಕೊಂಡೆ. ರೂಟರ್ ಪಕ್ಕದಲ್ಲೇ ಕೂತು ಟೆಸ್ಟ್ ಮಾಡಿದರೂ 93, 94. ಅದರ ಮೇಲೆ ಒಂದು ಅಂಕಿಯೂ ಏರಲಿಲ್ಲ. ಫೈಬರ್ ಕಂಪನಿಗೆ ಮೂರು ಸಲ ದೂರು ಕೊಟ್ಟೆ. ಮೂರನೇ ಸಲ ಬಂದ ಹುಡುಗ ರೂಟರನ್ನು ತಿರುಗಿಸಿ, ತಳದ ಸ್ಟಿಕ್ಕರ್ ಓದಿ ಹೇಳಿದ: "ಸರ್, ಇದರ ಪೋರ್ಟೇ ನೂರರದ್ದು. ನಾವು ಎಷ್ಟೇ ಕಳಿಸಿದ್ರೂ ಒಳಗೆ ಹೋಗೋದು ಇಷ್ಟೇ."

ನನಗೆ ಇವತ್ತಿಗೂ ಇದರ ಮೇಲೆ ಸಿಟ್ಟಿದೆ. 1200 ಎಂಬುದು ಎರಡು ಬ್ಯಾಂಡಿನ ಅಂಕಿಗಳನ್ನು ಸುಮ್ನೆ ಕೂಡಿಸಿದ್ದು. ಒಂದರದ್ದು 300, ಇನ್ನೊಂದರದ್ದು 867. ಸಾಮಾನ್ಯವಾಗಿ ಫೋನು ಒಂದು ಹೊತ್ತಿಗೆ ಒಂದೇ ಬ್ಯಾಂಡಿನಲ್ಲಿ ಓಡುತ್ತದೆ. ಅದೂ ಹೋಗಲಿ, ಇಂಟರ್ನೆಟ್ ಒಳಗೆ ಬರುವ ಬಾಗಿಲೇ ನೂರರದ್ದಾದರೆ ಮನೆಯೊಳಗೆ 867 ಇದ್ದು ಏನು ಮಾಡಬೇಕು? ಈ ವಿಷಯ ಡಬ್ಬದ ಮುಂದೆ ಇರುವುದಿಲ್ಲ. ಹಿಂದೆ ಸಣ್ಣ ಅಕ್ಷರದಲ್ಲಿ 10/100 ಎಂದಿರುತ್ತದೆ. ನೀವು ಕೊಳ್ಳುವಾಗ ಅಲ್ಲಿ 10/100/1000 ಅಥವಾ ಗಿಗಾಬಿಟ್ ಎಂದು ಇದೆಯಾ ನೋಡಿ. ಇಲ್ಲದಿದ್ದರೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಪ್ಲಾನ್ 100 ಅಥವಾ ಅದಕ್ಕಿಂತ ಕಡಿಮೆ ಇರುವವರಿಗೆ ತೊಂದರೆಯಿಲ್ಲ, ಆದರೆ ಈಗ ಎಲ್ಲರ ಪ್ಲಾನೂ ಮೇಲಕ್ಕೆ ಹೋಗುತ್ತಿದೆ ಅಲ್ವಾ?

ಆಮೇಲೆ ತಂದಿದ್ದು ಎರಡು ಎಎಕ್ಸ್1500 ರೂಟರ್, ಅಂದರೆ ವೈ-ಫೈ 6. ಒಂದಕ್ಕೆ 2,700. ಮಾಡೆಲ್ ಹೆಸರು ಬರೆಯುತ್ತಿಲ್ಲ. ಈ ಬೆಲೆಯ ಮಾಡೆಲ್‌ಗಳು ಬೇಗ ಬದಲಾಗುತ್ತವೆ, ಒಳಗಿನ ಲೆಕ್ಕ ಮಾತ್ರ ಹೆಚ್ಚುಕಡಿಮೆ ಒಂದೇ. ಮಗ ವೈ-ಫೈ 7 ತಗೊಳ್ಳೋಣ ಅಂದ. ನಮ್ಮ ಮನೆಯಲ್ಲಿ ಅದು ಬರುವ ಫೋನ್ ಒಂದೂ ಇಲ್ಲ, ಬರುವ ಇಂಟರ್ನೆಟ್ಟೇ 200. ಆ ದುಡ್ಡಿನಲ್ಲಿ ಎರಡು ರೂಟರ್ ಬರುತ್ತದೆ, ನಮಗೆ ಬೇಕಿದ್ದದ್ದೂ ಎರಡೇ. ಇಷ್ಟು ಎತ್ತರದ ಮನೆಗೆ ಒಂದು ದುಬಾರಿ ರೂಟರಿಗಿಂತ ಎರಡು ಸಾಧಾರಣ ರೂಟರ್ ಮೇಲು ಎಂದು ನಾನು ಈಗಲೂ ಹೇಳುತ್ತೇನೆ.

ಒಂದನ್ನು ಕೆಳಗೆ ಫೈಬರ್ ಡಬ್ಬಿಯ ಪಕ್ಕ ಇಟ್ಟೆ. ಇನ್ನೊಂದನ್ನು ಮೊದಲ ಮಹಡಿಯಲ್ಲಿ ಮೆಟ್ಟಿಲ ಬಾಗಿಲ ಮೇಲೆ. ಮೊದಲು ಎರಡನ್ನೂ ವೈರಿಲ್ಲದೆ ಮೆಶ್ ಮಾಡಿ, ಅಂದರೆ ಒಂದಕ್ಕೊಂದು ವೈ-ಫೈಯಲ್ಲೇ ಜೋಡಿಸಿ, ಎರಡು ವಾರ ನೋಡಿದೆ. ಮೇಲೆ 60 ದಾಟಲಿಲ್ಲ. ಕೆಳಗಿನ ರೂಟರಿನಿಂದ ತೆಗೆದುಕೊಳ್ಳುವುದಕ್ಕೂ ನಮ್ಮ ಫೋನಿಗೆ ಕೊಡುವುದಕ್ಕೂ ಮೇಲಿನದು ಅದೇ ರೇಡಿಯೋ ಬಳಸುತ್ತದೆ. ಹಾಗಾಗಿ ಅರ್ಧಕ್ಕರ್ಧ ಅಲ್ಲೇ ಹೋಗುತ್ತದೆ. ಜೊತೆಗೆ ನಡುವೆ ಮೋಲ್ಡ್ ಬೇರೆ. ಕೇಬಲ್ ಎಳೆಯದೆ ಬೇರೆ ದಾರಿ ಇರಲಿಲ್ಲ.

ಒಂದು ಶನಿವಾರ ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ನಡೆದೆ. ಆ ಬೀದಿಯಲ್ಲಿ ಕೇಬಲ್ ಕೇಳಿದರೆ ಎರಡು ಬೆಲೆ ಹೇಳುತ್ತಾರೆ. ಎರಡರ ಮೇಲೂ ಕ್ಯಾಟ್ 6 (ನೆಟ್‌ವರ್ಕ್ ಕೇಬಲಿನ ಒಂದು ದರ್ಜೆ) ಎಂದೇ ಇರುತ್ತದೆ. ವ್ಯತ್ಯಾಸ ಏನು ಎಂದು ಕೇಳಿದೆ. ಅಂಗಡಿಯವರು ಬ್ಲೇಡ್ ತೆಗೆದುಕೊಂಡು ಎರಡರ ಎಳೆಯನ್ನೂ ನನ್ನೆದುರೇ ಕೆರೆದು ತೋರಿಸಿದರು. ಒಂದು ಒಳಗೂ ಕೆಂಪು, ಪೂರ್ತಿ ತಾಮ್ರ. ಇನ್ನೊಂದು ಮೇಲೆ ಮಾತ್ರ ತಾಮ್ರದ ಲೇಪ, ಕೆರೆದರೆ ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. "ಮನೆಗೆ ಒಂದೇ ಸಲ ಎಳೆಯೋದು ಸರ್, ತಾಮ್ರದ್ದೇ ತಗೊಳ್ಳಿ" ಅಂದರು. ಮೀಟರಿಗೆ 24ರಂತೆ 25 ಮೀಟರ್ ತಂದೆ. 600 ರೂಪಾಯಿ. ಈ ಹದಿನೆಂಟು ತಿಂಗಳಲ್ಲಿ ಕೊಟ್ಟ ದುಡ್ಡಿನಲ್ಲಿ ನನಗೆ ಪೂರ್ತಿ ತೃಪ್ತಿ ಕೊಟ್ಟದ್ದು ಅದೊಂದೇ.

ನಮ್ಮ ಏರಿಯಾದ ಎಲೆಕ್ಟ್ರಿಷಿಯನ್ 500ಕ್ಕೆ ಎಳೆದುಕೊಟ್ಟರು. ಆದರೆ ಮೊದಲ ದಿನ ಮೇಲೆ ಮತ್ತೆ ಅದೇ 94! ನನಗೆ ಕೈಕಾಲೇ ಆಡಲಿಲ್ಲ. ಪೋರ್ಟ್ ಗಿಗಾಬಿಟ್, ಕೇಬಲ್ ತಾಮ್ರ, ಇನ್ನೇನು? ಕೇಬಲಿನೊಳಗೆ ಎಂಟು ಎಳೆ ಇರುತ್ತದೆ. ನೂರಕ್ಕೆ ನಾಲ್ಕು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ತುದಿಯ ಕ್ಲಿಪ್ಪಿನಲ್ಲಿ ಒಂದು ಎಳೆ ಸರಿಯಾಗಿ ಕೂತಿರಲಿಲ್ಲ. ನೂರಕ್ಕೆ ಬೇಕಿಲ್ಲದ ನಾಲ್ಕರಲ್ಲಿ ಒಂದು ಎಳೆ ತಪ್ಪಿದರೆ ಎರಡೂ ತುದಿಯ ರೂಟರುಗಳು ಮಾತಾಡಿಕೊಂಡು ತೆಪ್ಪಗೆ ನೂರಕ್ಕೆ ಇಳಿದುಬಿಡಬಹುದು, ಯಾರಿಗೂ ಹೇಳುವುದಿಲ್ಲ. ಕ್ಲಿಪ್ ಕತ್ತರಿಸಿ ಹೊಸದು ಹಾಕಿದ ಮೇಲೆ ಮೊದಲ ಮಹಡಿಯಲ್ಲಿ 200 ಬಂತು. ಮಗನ ರೂಮಿನಲ್ಲಿ ಒಂದು ಮೋಲ್ಡ್ ದಾಟಿ 120. ಅವನ ಆನ್‌ಲೈನ್ ಕ್ಲಾಸಿಗೆ ಧಾರಾಳ ಸಾಕು.

ಸೆಟ್ಟಿಂಗ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲ ಕಡೆ ಸಿಗುತ್ತದೆ. ಮೇಲಿನದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಅಂದರೆ ಕೇಬಲಿನಲ್ಲಿ ಬಂದದ್ದನ್ನು ವೈ-ಫೈಯಾಗಿ ಹಂಚುವುದಷ್ಟೇ ಅದರ ಕೆಲಸ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಡಿ. ಚಾನೆಲ್ ಮಾತ್ರ ಬೇರೆ ಬೇರೆ. ನಮ್ಮ 5 ಗಿಗಾಹರ್ಟ್ಸ್‌ನಲ್ಲಿ ಕೆಳಗೆ 36, ಮೇಲೆ 149. 2.4ರ ಚಾನೆಲ್ ಅಗಲವನ್ನು 40ರಿಂದ 20 ಮೆಗಾಹರ್ಟ್ಸ್‌ಗೆ ಇಳಿಸಿ. ಗಿಜಿಗುಡುವ ಬೀದಿಯಲ್ಲಿ ಅದೇ ಒಳ್ಳೆಯದು.

ಇಷ್ಟೆಲ್ಲ ಆದ ಮೇಲೂ ಅಮ್ಮನ ಕಾಲ್ ತಿರುವಿನಲ್ಲಿ ಕಟ್ ಆಗುತ್ತಿತ್ತು.

ನನಗೆ ಅಳುವೇ ಬಂತು. ತಿರುವಿನಿಂದ ಐದು ಮೆಟ್ಟಿಲು ಮೇಲೆ ಹೊಸ ರೂಟರ್ ಇದೆ, ಆದರೂ ಚಿಕ್ಕಮ್ಮ ನಿಂತುಹೋಗುತ್ತಾರೆ. ಎರಡು ಸಂಜೆ ಅಮ್ಮನ ಹಿಂದೆಯೇ ಮೆಟ್ಟಿಲು ಹತ್ತಿ ನೋಡಿದೆ. ಆಗ ಅರ್ಥವಾಯಿತು. ಯಾವ ರೂಟರನ್ನು ಹಿಡಿದುಕೊಳ್ಳಬೇಕು ಎಂದು ತೀರ್ಮಾನ ಮಾಡುವುದು ಫೋನು. ಕೆಳಗಿನ ರೂಟರಿನ ದನಿ ಇನ್ನೂ ಕ್ಷೀಣವಾಗಿ ಕೇಳುತ್ತಿದ್ದರೆ ಅದು ಕೈ ಬಿಡುವುದಿಲ್ಲ. ಅದನ್ನೇ ಹಿಡಿದುಕೊಂಡು, ಪೂರ್ತಿ ಕೇಳದೇ ಹೋದಾಗ ಮಾತ್ರ ಸುತ್ತ ನೋಡುತ್ತದೆ. ಅಷ್ಟರಲ್ಲಿ ಕಾಲ್ ಹೋಗಿರುತ್ತದೆ. ಹಾಗಾಗಿ ಜೋರು ಹೆಚ್ಚಿಸುವ ಬದಲು ಕಡಿಮೆ ಮಾಡಬೇಕಿತ್ತು. ಕೆಳಗಿನ ರೂಟರಿನ ಟ್ರಾನ್ಸ್‌ಮಿಟ್ ಪವರ್ 'ಹೈ' ಇದ್ದದ್ದನ್ನು 'ಮೀಡಿಯಂ' ಮಾಡಿದೆ. 2.4ಕ್ಕೆ 'ಲೋ'. ಮಾರನೆಯ ದಿನ ನಾಲ್ಕಕ್ಕೆ ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ಅಮ್ಮ ತಿರುವು ದಾಟಿದರು. ಚಿಕ್ಕಮ್ಮ ಅಡಿಕೆ ಕೊಯ್ಲಿನ ಕಥೆ ಹೇಳುತ್ತಲೇ ಇದ್ದರು. ಅಮ್ಮ ಮೇಲಿನ ಬಾಗಿಲು ತೆರೆದರು, ಬಿಸಿಲಿಗೆ ಹೋದರು, ತಂತಿಯಿಂದ ಸೀರೆ ಎಳೆದುಕೊಂಡರು. ಕಥೆ ನಿಲ್ಲಲಿಲ್ಲ. ನಾನು ಮೆಟ್ಟಿಲ ಮೇಲೇ ಕೂತುಬಿಟ್ಟೆ.

ಹತ್ತು ತಿಂಗಳು ಹೀಗೇ ಚೆನ್ನಾಗಿ ನಡೆಯಿತು. ಅಮ್ಮ ಕೆಳಗಿನ ರೂಟರಿಗೆ ಧೂಳು ಕೂರಬಾರದೆಂದು ಕ್ರೋಷಾ ಹೊದಿಕೆ ಹೆಣೆದು ಹಾಕಿದ್ದರು. ಬಿಸಿಯಾಗುತ್ತದೆ ಎಂದು ಹೇಳಿದ ಮೇಲೆ ಅದನ್ನು ರೂಟರಿನ ಕೆಳಗೆ ಹಾಸಿದ್ದಾರೆ, ಗಾಳಿಯ ತೂತು ಇರುವ ಜಾಗ ಬಿಟ್ಟು. ಭಾನುವಾರ ದೇವರ ಮನೆ ಒರೆಸಿದ ಮೇಲೆ ಸಣ್ಣ ಬ್ರಷ್‌ನಲ್ಲಿ ರೂಟರಿನ ಸಂದಿ ಒರೆಸುತ್ತಾರೆ. ಮೊದಲು ಮಗ ದಿನಾ ಬೆಳಿಗ್ಗೆ ಡಬ್ಬಿ ಆಫ್ ಮಾಡಿ ಆನ್ ಮಾಡಬೇಕಿತ್ತು. ಈಗ ಆ ಕೆಲಸ ಇಲ್ಲ.

ಹನ್ನೊಂದನೇ ತಿಂಗಳಲ್ಲಿ ಒಂದು ಸಂಜೆ ಆಫೀಸಿಗೆ ಅಮ್ಮನ ಫೋನ್. "ಮತ್ತೆ ನಿಂತೋಯ್ತು ಕಣೋ, ಅದೇ ಜಾಗದಲ್ಲಿ." ಕೇಬಲ್ ನೋಡಿದೆ, ಕ್ಲಿಪ್ ನೋಡಿದೆ, ಫೈಬರ್ ಕಂಪನಿಗೆ ಫೋನ್ ಮಾಡಿದೆ. ಒಂದು ವಾರ ಹೀಗೇ ಹೋಯಿತು. ಕೊನೆಗೆ ಬ್ರೌಸರಿನಲ್ಲಿ ರೂಟರಿನ ಸೆಟ್ಟಿಂಗ್ ಪುಟ 192.168.0.1 ತೆರೆದು ನೋಡಿದರೆ ಪವರ್ ಮತ್ತೆ 'ಹೈ'. ರಾತ್ರಿ ತಾನಾಗಿಯೇ ಅಪ್‌ಡೇಟ್ ಆಗಿ ನನ್ನ ಸೆಟ್ಟಿಂಗ್ ಅಳಿಸಿಹಾಕಿತ್ತು. ಕಂಪನಿಯ ಆ್ಯಪ್‌ನಲ್ಲಿ ಈ ಆಯ್ಕೆಯೇ ಕಾಣುವುದಿಲ್ಲ. ಲಾಗಿನ್ ಕೇಳುತ್ತದೆ, ಮಾರಾಟದ ನೋಟಿಫಿಕೇಶನ್ ಕಳಿಸುತ್ತದೆ, ಬೇಕಾದದ್ದನ್ನು ಮಾತ್ರ ಬಚ್ಚಿಡುತ್ತದೆ. ಇದು ಈ ರೂಟರಿನ ದೊಡ್ಡ ದೋಷ, ಇದಕ್ಕೆ ನಾನು ಎರಡು ಸ್ಟಾರ್ ಕಡಿಮೆ ಮಾಡುತ್ತೇನೆ. ಅಪ್‌ಡೇಟ್ ಬೇಕು, ಸುರಕ್ಷತೆಗೆ ಅದು ಮುಖ್ಯ. ಆದರೆ ಬಳಸುವವರು ಹಾಕಿಕೊಂಡದ್ದನ್ನು ಕೇಳದೆ ಬದಲಿಸುವುದು ಸರಿಯಲ್ಲ. ಈಗ ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿ, ತಿಂಗಳ ಮೊದಲ ಭಾನುವಾರ ನಾನೇ ಮಾಡುತ್ತೇನೆ. ಮಾಡಿದ ಮೇಲೆ ಪವರ್ ಎಷ್ಟಿದೆ ನೋಡುತ್ತೇನೆ. ಸೆಟ್ಟಿಂಗ್ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದೇನೆ. ನೀವೂ ಬರೆದಿಡಿ.

ಕೊನೆಗೆ ಕೊಂಡದ್ದು ಕರೆಂಟ್ ಹೋದಾಗ ರೂಟರ್ ಓಡಿಸುವ ಮಿನಿ ಯುಪಿಎಸ್, ಕೆಳಗೆ ಒಂದು, ಮೇಲೆ ಒಂದು. ಎರಡಕ್ಕೂ ಸೇರಿ 2,800. ಕೆಳಗಿನದಕ್ಕೆ ಎರಡು ಪಿನ್ ಇದೆ, ಫೈಬರ್ ಡಬ್ಬಿಗೂ ರೂಟರಿಗೂ ಒಟ್ಟಿಗೆ ಸಾಕಾಗುತ್ತದೆ. ಕೊಳ್ಳುವ ಮುಂಚೆ ನಿಮ್ಮ ಅಡಾಪ್ಟರಿನ ಮೇಲೆ 12 ವೋಲ್ಟ್ ಇದೆಯಾ, ಎಷ್ಟು ಆಂಪಿಯರ್ ಇದೆ ಎಂದು ಓದಿಕೊಳ್ಳಿ. ನಮ್ಮಲ್ಲಿ ಮೂರು ಗಂಟೆ ಆರಾಮಾಗಿ ಬರುತ್ತದೆ. ನಮ್ಮ ಫೈಬರ್ ದಾರಿಯಲ್ಲಿ ಕಂಬದ ಮೇಲಿನ ಡಬ್ಬಕ್ಕೆ ಕರೆಂಟ್ ಬೇಕಿಲ್ಲ, ಅಲ್ಲಿ ಬೆಳಕು ಹಂಚಿಹೋಗುತ್ತದೆ ಅಷ್ಟೆ. ಹಾಗಾಗಿ ಬೀದಿ ಪೂರ್ತಿ ಕತ್ತಲಾದರೂ ಇಂಟರ್ನೆಟ್ ಇರುತ್ತದೆ.

ಕಳೆದ ವಾರ ಮಳೆ ಶುರುವಾದಾಗ ನಾಲ್ಕೂ ಕಾಲು. ಗಾಳಿ ಬಂದ ಕೂಡಲೇ ಕರೆಂಟ್ ಹೋಯಿತು. ಅಮ್ಮ ಫೋನನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡು ಟೆರೇಸಿಗೆ ಓಡಿ, ಬಟ್ಟೆಯೆಲ್ಲ ಬಾಚಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ತಿರುವಿನ ಕತ್ತಲಲ್ಲಿ ಅವರ ದನಿ ಕೇಳಿಸಿತು. "ಇಲ್ಲಿ ಕರೆಂಟ್ ಹೋಯ್ತು ಕಣೇ. ನೀನು ಹೇಳು, ಆಮೇಲೆ ಏನಾಯ್ತು?"