ಕುದುರೆಯನ್ನು ಬಾಡಿಗೆ ಲಾಯಕ್ಕೆ ಬಿಡುವ ಮುಂಚೆ ಇದನ್ನು ಓದಿ

ರೇಸ್‌ ಬಿಟ್ಟ ಕುದುರೆಯನ್ನು ಕೊಂಡು, ತಿಂಗಳ ಲೆಕ್ಕದಲ್ಲಿ ಬೆಂಗಳೂರಿನ ಹೊರಗಿನ ಲಾಯಗಳಿಗೆ ಬಿಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಹೆಣ್ಣು ಕುದುರೆಗೆ ಆದದ್ದು ನಿಮ್ಮದಕ್ಕೆ ಆಗಬಾರದು.

ನೋಡೋಕೆ ಆ ಲಾಯ ಚೆನ್ನಾಗಿಯೇ ಇತ್ತು. ಸುಣ್ಣ ಬಳಿದ ಗೋಡೆ, ಹೊಸ ರಬ್ಬರ್ ಮ್ಯಾಟ್. ಮಳೆಗಾಲ ಶುರುವಾದಾಗ ಎರಚಲು ಬರುತ್ತದೆ ಅಂತ ಕಿಟಕಿಗಳಿಗೆಲ್ಲ ತಗಡು ಹೊಡೆದರು. ಒಳಗೆ ಗಾಳಿಯಾಡುವುದೇ ನಿಂತಿತು. ದಿನಾ ಮೇಲಿನ ಲದ್ದಿಯನ್ನಷ್ಟೇ ಎತ್ತಿ, ಒದ್ದೆ ಹುಲ್ಲಿನ ಮೇಲೆ ಹೊಸ ಹುಲ್ಲು ಹರಡುತ್ತಿದ್ದರು. ಮ್ಯಾಟ್ ಕೆಳಗೆ ಮೂತ್ರ ನಿಂತು ಕೊಳೆಯುತ್ತಿತ್ತು. ಸಂಜೆ ನಾವು ಹೋಗುವ ಹೊತ್ತಿಗೆ ತೊಳೆದು ಫಿನಾಯಿಲ್ ಹಾಕಿರುತ್ತಿದ್ದರು.

ಮೊದಲು ಕೆಮ್ಮು ಬಂತು, ಆಮೇಲೆ ಮೂಗು ಸೋರತೊಡಗಿತು. "ಹವಾಮಾನಕ್ಕೆ ಸಾರ್, ಸರಿಹೋಗುತ್ತೆ" ಅಂದರು ಮಾಲೀಕರು. ಸುಮ್ಮನೆ ನಿಂತಾಗಲೂ ಅದರ ಹೊಟ್ಟೆ ಏದುಸಿರಿಗೆ ಮೇಲೆ ಕೆಳಗೆ ಆಗುತ್ತಿತ್ತು. ಡಾಕ್ಟರನ್ನು ನಾವೇ ಕರೆಸಿದೆವು. ಕೊಳೆತ ಮೂತ್ರದಿಂದ ಏಳುವ ಅಮೋನಿಯ, ಜೊತೆಗೆ ಬೂಸ್ಟು ಹಿಡಿದ ಒಣಹುಲ್ಲಿನ ಧೂಳು. ಎರಡೂ ಸೇರಿ ಶ್ವಾಸಕೋಶ ಕೆಡಿಸಿವೆ, ಇದು ಅಸ್ತಮಾ ಅಂದರು. ಗೊರಸಿನ ಅಡಿಯೂ ಕಪ್ಪಾಗಿ, ಮೆತ್ತಗಾಗಿ ನಾರುತ್ತಿತ್ತು. ಅದನ್ನು ಮೊದಲು ಕಂಡಿದ್ದು ಲಾಳ ಕಟ್ಟುವವರು.

ಕುದುರೆ ನೋಡಿಕೊಳ್ಳುವ ಆಳು, ಅಂದರೆ ಸೈಸ್ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಕುದುರೆಗಳನ್ನು ಒಬ್ಬನ ಕೈಗೆ ಹಾಕಿದರೆ ಅವನಾದರೂ ಏನು ಮಾಡಿಯಾನು? ತಿಂಗಳು ತಿಂಗಳು ದುಡ್ಡು ಎಣಿಸಿಕೊಂಡವರು ಉತ್ತರ ಹೇಳಬೇಕು.

ಲಾಯ ನೋಡಲು ಬೆಳಗಿನ ಜಾವ, ಕಸ ತೆಗೆಯುವ ಮುಂಚೆ ಹೋಗಿ. ನಿಂತು ಮೂಸಿದರೆ ಸಾಲದು, ಮಂಡಿಯೂರಿ ಕೂತು ನೋಡಿ. ಕುದುರೆ ನೆಲದಲ್ಲಿ ಮೇಯುವುದು, ಮಲಗುವುದು ಆ ಎತ್ತರದಲ್ಲೇ ಅಲ್ವಾ? ಕಣ್ಣು ಉರಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಮ್ಯಾಟ್ ಎತ್ತಿಸಿ. ಒಣಹುಲ್ಲಿನ ಕಟ್ಟು ಬಿಚ್ಚಿಸಿ ಕೊಡವಿ. ಕೋಣೆ ಸುಮಾರು 12 ಅಡಿಗೆ 12 ಅಡಿ ಇರಲಿ. ಇಕ್ಕಟ್ಟಾದರೆ ಕುದುರೆ ಹೊರಳುವಾಗ ಗೋಡೆಗೆ ಸಿಕ್ಕಿಕೊಂಡು ಏಳಲಾರದೆ ಒದ್ದಾಡುತ್ತದೆ. ರಾತ್ರಿ ನೀರು ಯಾರು ತುಂಬುತ್ತಾರೆ ಅಂತ ಕೇಳಿ. ಒಂದು ಕುದುರೆ ದಿನಕ್ಕೆ 25 ಲೀಟರಿಗೂ ಜಾಸ್ತಿ ಕುಡಿಯುತ್ತದೆ. ನೀರು ಕಡಿಮೆಯಾದರೆ ಕರುಳು ಕಟ್ಟುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹೊಟ್ಟೆನೋವೇ ಅದರ ಜೀವ ತೆಗೆಯಬಹುದು.

ಈಗ ನಮ್ಮ ಕುದುರೆ ಹಗಲೆಲ್ಲ ಬಯಲಲ್ಲಿರುತ್ತದೆ, ಹುಲ್ಲನ್ನು ನೀರಲ್ಲಿ ನೆನೆಸಿ ಕೊಡುತ್ತೇವೆ. ಉಸಿರಾಟ ಹಗುರಾಗಿದೆ. ಆದರೆ ಈ ಕಾಯಿಲೆ ಪೂರ್ತಿ ವಾಸಿಯಾಗುವುದಿಲ್ಲವಂತೆ. ಧೂಳು ತಾಗಿದರೆ ಮತ್ತೆ ಕೆಮ್ಮುತ್ತದೆ. ಆ ಲಾಯದವರು ನಮ್ಮ ಮುಂಗಡವನ್ನೂ ಇನ್ನೂ ಕೊಟ್ಟಿಲ್ಲ.