ಚಂದ್ರದ್ರೋಣಕ್ಕೆ ‘ಫೋಟೊ ಪ್ರವಾಸ’ ಹೊರಡುವ ಮುನ್ನ ಓದಿ: ನೀಲಕುರಿಂಜಿ ಎಂದು ಕಳೆ ತೋರಿಸಿದರು

ಸಿಟ್ಟು ಇಳಿಯಲಿ, ಆಮೇಲೆ ಬರೆಯೋಣ ಎಂದು ನಾಲ್ಕು ದಿನ ಸುಮ್ಮನಿದ್ದೆ. ಇಳಿದಿಲ್ಲ.

ದಸರಾ ಮುಗಿದ ಮೊದಲ ಶನಿವಾರ, ಬೆಂಗಳೂರಿನಿಂದ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲಿಗೆ ಒಂದು ದಿನದ ಫೋಟೊ ಪ್ರವಾಸ. ರಾತ್ರಿ ಹೊರಟು ಮರುದಿನ ರಾತ್ರಿ ವಾಪಸ್. ತಲಾ 3,200 ರೂಪಾಯಿ. ಮುಳ್ಳಯ್ಯನಗಿರಿಯ ಮುಂಜಾನೆಯ ಮಂಜು, ಶೋಲಾ ಕಾಡಿನ ಹಕ್ಕಿಗಳು, ಜೊತೆಗೊಬ್ಬರು ಪ್ರಕೃತಿ ತಜ್ಞರು, ಎಲ್ಲಕ್ಕಿಂತ ಮೇಲಾಗಿ ‘ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ’. ಗುಡ್ಡ ಪೂರ್ತಿ ನೇರಳೆಯಾಗಿರುವ ಚಿತ್ರವನ್ನೂ ಜಾಹೀರಾತಿನಲ್ಲಿ ಹಾಕಿದ್ದರು. ನಾನು ಮರುಳಾದೆ. ಮ್ಯಾಕ್ರೊ ಲೆನ್ಸ್ ಬಾಡಿಗೆಗೆ ತಂದೆ, ಸಸ್ಯಶಾಸ್ತ್ರ ಓದುತ್ತಿರುವ ಅಕ್ಕನ ಮಗಳನ್ನೂ ಒತ್ತಾಯ ಮಾಡಿ ಹೊರಡಿಸಿದೆ. ಅದೇ ನನ್ನ ಮಾನ ಕಳೆಯಿತು.

ಬೆಳಿಗ್ಗೆ ಆರೂವರೆಗೆ ಕೈಮರ ಚೆಕ್‌ಪೋಸ್ಟ್. ಹೊರಗೆ ಹತ್ತಿಯಂತಹ ಮಂಜು, ಎಂತಹ ಬೆಳಕು! ಸಿಬ್ಬಂದಿ ನಮ್ಮ ಪ್ರವೇಶ ಚೀಟಿ ನೋಡಿ, “ಇದು ಮಧ್ಯಾಹ್ನದ್ದು, ಒಂದು ಗಂಟೆಗೆ ಬನ್ನಿ” ಎಂದರು. ಗಿರಿಗೆ ಈಗ ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸಬೇಕು, ಬೆಳಿಗ್ಗೆ ಒಂದು ಸರದಿ, ಮಧ್ಯಾಹ್ನ ಒಂದು ಸರದಿ, ವಾಹನಗಳಿಗೆ ಮಿತಿ ಇದೆ ಎನ್ನುವುದು ಅಲ್ಲಿಗೆ ಹೋಗಿಬರುವವರಿಗೆಲ್ಲ ಗೊತ್ತು. ಆಯೋಜಕನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಫೋನ್ ಮಾಡಿದೆ. ಆತ ಪ್ರವಾಸಕ್ಕೇ ಬಂದಿರಲಿಲ್ಲ, ಮನೆಯಲ್ಲಿ ಮಲಗಿದ್ದ.

“ಸರ್, ಬೆಳಗಿನದು ಭರ್ತಿಯಾಗಿತ್ತು. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ.”

“ಮೊದಲೇ ಹೇಳಬಹುದಿತ್ತಲ್ಲ?”

“ಹೇಳಿದ್ದರೆ ನೀವು ಬರುತ್ತಿದ್ದಿರಾ ಸರ್?”

ಈ ಮಾತನ್ನು ಇನ್ನೊಮ್ಮೆ ಓದಿ. ಹೇಳಿದ್ದರೆ ನೀವು ಬರುತ್ತಿದ್ದಿರಾ! ದನಿಯಲ್ಲಿ ನಾಚಿಕೆಯ ಸುಳಿವೇ ಇರಲಿಲ್ಲ. ನಾನೇ ಪೆದ್ದನ ಹಾಗೆ “ಸರಿ” ಎಂದು ಫೋನ್ ಇಟ್ಟೆ. ಯಾಕೆ ಸರಿ ಎಂದೆನೋ, ಇವತ್ತಿಗೂ ತಿಳಿದಿಲ್ಲ.

ಆರೂವರೆ ಗಂಟೆ ಕಾಲ ಹದಿನಾಲ್ಕು ಜನ ಒಂದು ಚಹಾದ ಅಂಗಡಿಯ ಮುಂದೆ ಕುಳಿತೆವು. ‘ಪ್ರಕೃತಿ ತಜ್ಞ’ರೆಂದರೆ ವಾಹನದ ಸಹಾಯಕ ಹುಡುಗ. ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಕೊಟ್ಟ ಪಾಠವನ್ನೇ ಒಪ್ಪಿಸುತ್ತಿದ್ದ. ಕುರಿಂಜಿ ಎಲ್ಲಪ್ಪ ಎಂದು ಕೇಳಿದ್ದಕ್ಕೆ ಕಾಫಿ ತೋಟದ ಬೇಲಿಯಲ್ಲಿದ್ದ ನೀಲಿ ಹೂವಿನ ಗಿಡ ತೋರಿಸಿದ. ನಾನು ಮಂಡಿಯೂರಿ, ಉಸಿರು ಬಿಗಿಹಿಡಿದು ಮೂವತ್ತು ಫೋಟೊ ತೆಗೆದೆ. ಸುಮಾರು ಹೊತ್ತು ನೋಡುತ್ತಿದ್ದ ಅಕ್ಕನ ಮಗಳು ಮೆಲ್ಲಗೆ ಹೇಳಿದಳು: “ಮಾವ, ಅದು ಅಜೆರೇಟಂ. ಕಳೆ. ನಮ್ಮ ತೋಟದಲ್ಲಿ ಕಿತ್ತು ಹಾಕುತ್ತೇವೆ.”

ಅಷ್ಟಕ್ಕೆ ಬಿಡಲಿಲ್ಲ. ಜಾಹೀರಾತಿನ ಚಿತ್ರವನ್ನು ಮೊಬೈಲಿನಲ್ಲಿ ಹಿಗ್ಗಿಸಿ ಮೂಲೆಯಲ್ಲಿ ನಿಂತಿದ್ದ ಪ್ರಾಣಿಯನ್ನು ತೋರಿಸಿದಳು. ನೀಲಗಿರಿ ತಾಹ್ರ್, ಒಂದು ಬಗೆಯ ಕಾಡುಮೇಕೆ. ಕೇರಳ, ತಮಿಳುನಾಡು ಬಿಟ್ಟರೆ ಅದು ಬೇರೆಲ್ಲೂ ಕಾಡಿನಲ್ಲಿಲ್ಲ. ಚಿತ್ರ ಮುನ್ನಾರ್ ಕಡೆಯದೇ ಇರಬೇಕು. “ಚಂದ್ರದ್ರೋಣದಲ್ಲಿ ಹೂ ಬಿಟ್ಟಿದ್ದು 2022ರಲ್ಲಿ ಮಾವ. ಹನ್ನೆರಡು ಕೂಡಿಸಿ.” 2034! ಕುರಿಂಜಿಯಲ್ಲಿ ಹಲವು ಜಾತಿ, ಒಂದೊಂದರ ಲೆಕ್ಕ ಬೇರೆ, ಅಲ್ಲೊಂದು ಇಲ್ಲೊಂದು ಗಿಡ ಹೂ ಬಿಡಬಹುದು, ಒಪ್ಪುತ್ತೇನೆ. ಆದರೆ ಗುಡ್ಡ ಪೂರ್ತಿ? 2022ರ ಆ ಹೂ ನೋಡಲು ನಾನೇ ಹೋಗಿದ್ದೆ. ನಾನೇ! ಲೆಕ್ಕ ಹಾಕಲಿಲ್ಲ.

ಮಧ್ಯಾಹ್ನ ಮೇಲೆ ಹೋದಾಗ ನೆತ್ತಿಯ ಮೇಲಿನ ಬಿಸಿಲಿನಲ್ಲಿ ಬಣ್ಣವೆಲ್ಲ ಸತ್ತಿತ್ತು. ಸೀತಾಳಯ್ಯನಗಿರಿಯ ಬಳಿ ಜೀಪಿಗೆ ಬೇರೆ ಹಣ ಕೇಳಿದರು. ಮೂರರ ಹೊತ್ತಿಗೆ ಮೋಡ ಕವಿದು ಕೈ ಚಾಚಿದರೆ ಬೆರಳು ಕಾಣಲಿಲ್ಲ. ದಾರಿಯ ಬದಿಯ ಒದ್ದೆ ಬಂಡೆಯ ಮೇಲೆ ಗುಲಾಬಿ ಬಣ್ಣದ ಕರ್ಣಕುಂಡಲ ಹೂ ಅರಳಿತ್ತು. ಇಡೀ ದಿನಕ್ಕೆ ದಕ್ಕಿದ ಒಳ್ಳೆಯ ಚಿತ್ರ ಅದೊಂದೇ, ಅದೂ ವಾಹನ ಕೆಟ್ಟು ನಿಂತಾಗ.

ಹಣ ವಾಪಸ್ ಕೇಳಿದೆ. ಬಂದ ಉತ್ತರ: “ಪ್ರಕೃತಿ ನಮ್ಮ ಕೈಯಲ್ಲಿಲ್ಲ ಸರ್.” ಚೀಟಿ ನಿಮ್ಮ ಕೈಯಲ್ಲಿತ್ತಲ್ಲ ಎಂದೆ. “ಮುಂದಿನ ಪ್ರವಾಸದಲ್ಲಿ 500 ರೂಪಾಯಿ ಕಡಿಮೆ ಮಾಡುತ್ತೇವೆ.” ತಾಹ್ರ್ ಚಿತ್ರದ ಬಗ್ಗೆ ಕೇಳಿದೆ. “ಅದು ಸಾಂಕೇತಿಕ ಚಿತ್ರ.” ಇದನ್ನೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದೆ. “ಇಲ್ಲಿ ನಕಾರಾತ್ಮಕ ಮಾತು ಬೇಡ” ಎಂದು ಬರೆದು ನನ್ನನ್ನು ತೆಗೆದುಹಾಕಿದರು.

ಹೋಗುವವರು ಹಣ ಕೊಡುವ ಮುನ್ನ ಪ್ರವೇಶ ಚೀಟಿಯನ್ನೇ ಕಳುಹಿಸಲು ಹೇಳಿ, ಅದರಲ್ಲಿ ಸಮಯ ನೋಡಿ. ಸಮಯವನ್ನೇ ನೋಡಿ. ಹೂವಿನ ಆಸೆ ತೋರಿಸಿದರೆ ವರ್ಷ ಎಣಿಸಿ. ನಿಮ್ಮ ಮನೆಯಲ್ಲಿ ಗಿಡ ಬಲ್ಲವರಿದ್ದರೆ ಚಿತ್ರವನ್ನು ಮೊದಲು ಅವರಿಗೆ ತೋರಿಸಿ, ನನ್ನ ಹಾಗೆ ಬೆಟ್ಟದ ಬುಡದಲ್ಲಿ ಕುಳಿತು ಅಲ್ಲ.

ಇವತ್ತು ಬೆಳಿಗ್ಗೆ ಸ್ನೇಹಿತರೊಬ್ಬರು ಆ ಆಯೋಜಕರ ಹೊಸ ಜಾಹೀರಾತು ಕಳುಹಿಸಿದರು. ಚಿತ್ರ ಅದೇ. ತಾಹ್ರ್ ಇದ್ದ ಮೂಲೆಯನ್ನು ಮಾತ್ರ ಕತ್ತರಿಸಿದ್ದಾರೆ. ಇನ್ನು ಆರೇ ಆಸನ ಉಳಿದಿವೆಯಂತೆ.