ಹಳೇ ಫೈಬರ್ ದೋಣಿಗೆ ರೆಡಿ ರಿಪೇರಿ ಕಿಟ್: ತೂತಿಗೆ ಸೈ, ಹಿಂಬದಿಗೆ ಸಾಲದು

ಆನ್‌ಲೈನ್‌ನಲ್ಲಿ ‘ಫೈಬರ್ ರಿಪೇರಿ ಕಿಟ್’ ಅಂತ ಸಿಗುವ ಡಬ್ಬಗಳ ಬ್ರಾಂಡ್ ಬೇರೆಯಾದರೂ ಸರಕು ಹೆಚ್ಚುಕಡಿಮೆ ಒಂದೇ: 1 ಕೆ.ಜಿ. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ (ಗಟ್ಟಿಯಾಗುವ ಅಂಟುದ್ರವ), ಅದನ್ನು ಗಟ್ಟಿ ಮಾಡುವ ಹಾರ್ಡ್ನರ್ ಪುಟ್ಟ ಬಾಟಲಿ, ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ (ಗಾಜಿನ ನಾರಿನ ಹಾಸು) ಒಂದು ತುಂಡು, ಒಂದು ಬ್ರಷ್.

ತಳದ ತೂತಿಗೆ ಇದು ಧಾರಾಳ ಸಾಕು. 5 ಮಿ.ಮೀ. ದಪ್ಪದ ತಳದಲ್ಲಿ 10 ಸೆಂ.ಮೀ. ಅಗಲದ ತೂತು ಇದೆ ಅಂದುಕೊಳ್ಳಿ. ದಪ್ಪದ ಹನ್ನೆರಡರಷ್ಟು, ಅಂದರೆ ಸುತ್ತಲೂ 6 ಸೆಂ.ಮೀ., ಗ್ರೈಂಡರ್‌ನಲ್ಲಿ ಇಳಿಜಾರಾಗಿ ಉಜ್ಜಬೇಕು. ಒಂದು ಪದರ ಮ್ಯಾಟ್ ಸುಮಾರು 1 ಮಿ.ಮೀ. ಕೊಡುವುದರಿಂದ ಐದು ಪದರ ಬೇಕು. ಮೊದಲು 22 ಸೆಂ.ಮೀ. ತುಂಡು, ಆಮೇಲೆ ಒಂದೊಂದಾಗಿ ಚಿಕ್ಕದು. ಚಿಕ್ಕದನ್ನು ಮೊದಲು ಹಾಕಿದರೆ ಕೊನೆಗೆ ಮಟ್ಟ ಮಾಡುವಾಗ ದೊಡ್ಡ ಪದರವೇ ಉಜ್ಜಿ ಹೋಗುತ್ತದೆ. ಮ್ಯಾಟ್‌ನ ತೂಕಕ್ಕೆ ಎರಡೂವರೆ ಪಟ್ಟು ರೆಸಿನ್ ಅಂತ ಲೆಕ್ಕ ಹಿಡಿದರೂ, ಚೆಲ್ಲಿದ್ದು ಸೇರಿ 200 ಗ್ರಾಂ ದಾಟುವುದಿಲ್ಲ.

ಕಿಟ್ ಎಡವುವುದು ಹಾರ್ಡ್ನರ್‌ನಲ್ಲಿ. ಬಾಟಲಿಗೆ ಅಳತೆ ಗೆರೆಯೇ ಇಲ್ಲ, ಚೀಟಿಯಲ್ಲಿ ‘ಕೆಲವು ಹನಿ’ ಅಂತಷ್ಟೇ ಇರುತ್ತದೆ. 100 ಗ್ರಾಂ ರೆಸಿನ್‌ಗೆ 1ರಿಂದ 2 ಮಿ.ಲೀ. ಬೇಕು, ನಮ್ಮ ಸೆಕೆಗೆ ಒಂದೇ ಸಾಕು. ಔಷಧಿ ಅಂಗಡಿಯ ಸಿರಿಂಜ್ ತಂದಿಟ್ಟುಕೊಳ್ಳಿ. ಜಾಸ್ತಿ ಸುರಿದರೆ ಡಬ್ಬದಲ್ಲೇ ಹೊಗೆ ಎದ್ದು ಬಿರುಕು ಬಿಡುತ್ತದೆ, ತೀರಾ ಕಡಿಮೆಯಾದರೆ ಎಷ್ಟು ದಿನ ಬಿಟ್ಟರೂ ಮೆತ್ತಗೇ ಇರುತ್ತದೆ. ಹಾರ್ಡ್ನರ್ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು, ರಕ್ಷಣಾ ಕನ್ನಡಕ ಹಾಕದೆ ಮುಟ್ಟಬೇಡಿ. ಕೆಲವು ಕಿಟ್‌ನಲ್ಲಿ ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ನೇರಳೆ ಬಣ್ಣದ ಕೋಬಾಲ್ಟ್ ದ್ರವ ಬೇರೆ ಬಾಟಲಿಯಲ್ಲಿ ಬರುತ್ತದೆ. ಅದನ್ನು ಮೊದಲು ರೆಸಿನ್‌ಗೆ ಪೂರ್ತಿ ಕಲಸಿ, ಆಮೇಲೆ ಹಾರ್ಡ್ನರ್. ಇವೆರಡು ನೇರವಾಗಿ ಸೇರಿದರೆ ಸ್ಫೋಟ ಆಗಬಹುದು. ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಕಳಿಸುವವರ ಧೈರ್ಯ ಮೆಚ್ಚಬೇಕು!

ಕೊನೆಯ ಪದರ ಮಾರನೇ ದಿನವೂ ಅಂಟಂಟಾಗಿದ್ದರೆ ಮಾಲು ಕೆಟ್ಟದ್ದೆಂದು ಬೈಯಬೇಕಿಲ್ಲ. ಗಾಳಿ ತಾಗುವ ಮೈ ಹಾಗೇ ಇರುತ್ತದೆ. ಗಾಳಿ ತಡೆಯಲು ಬೇಕಾದ ವ್ಯಾಕ್ಸ್ ಕಿಟ್‌ನಲ್ಲಿರುವುದಿಲ್ಲ. ಹಸಿ ಇರುವಾಗಲೇ ಓಎಚ್‌ಪಿ ಶೀಟು (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಹಾಸಿ ಗುಳ್ಳೆ ಒತ್ತಿ ತೆಗೆದರೆ ನಡೆಯುತ್ತದೆ.

ಇನ್ನು ಎಂಜಿನ್ ಕೂರುವ ಹಿಂಬದಿ ಹಲಗೆ. ಹಳೇ ದೋಣಿಯಲ್ಲಿ ಮೊದಲು ಕೊಳೆಯುವುದು ಅದರೊಳಗಿನ ಪ್ಲೈವುಡ್. ಬೋಲ್ಟ್ ತೂತುಗಳಿಂದ ನೀರು ಇಳಿಯುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿ: ಗಟ್ಟಿ ಜಾಗ ‘ಟಣ್’ ಅನ್ನುತ್ತದೆ, ಕೊಳೆತದ್ದು ‘ಬದ್’ ಅನ್ನುತ್ತದೆ. ಅನುಮಾನ ಬಂದಲ್ಲಿ ಒಳಗಡೆಯಿಂದ 6 ಮಿ.ಮೀ. ಡ್ರಿಲ್ ಹಾಕಿ, ಹೊಟ್ಟು ಕಪ್ಪಗೆ ಒದ್ದೆಯಾಗಿ ಬಂದರೆ ಹಲಗೆ ಪೂರ್ತಿ ತೆಗೆಯಲೇಬೇಕು. ಮೇಲಿಂದ ಎಷ್ಟು ಮ್ಯಾಟ್ ಅಂಟಿಸಿದರೂ ಎಂಜಿನ್ನಿನ ಎಳೆತಕ್ಕೆ ನಿಲ್ಲುವುದಿಲ್ಲ. ಐಎಸ್ 710 (ಮರೀನ್ ಪ್ಲೈವುಡ್‌ನ ಭಾರತೀಯ ಮಾನಕ) ಗುರುತಿನ ಮರೀನ್ ಪ್ಲೈ ತನ್ನಿ. 120 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರಕ್ಕೆ ನಾಲ್ಕು ಪದರವೆಂದರೆ 2 ಚದರ ಮೀಟರ್‌ಗಿಂತ ಹೆಚ್ಚು ಮ್ಯಾಟ್, ಎರಡೂವರೆ ಕೆ.ಜಿ. ರೆಸಿನ್, ಹಲಗೆ ಅಂಟಿಸುವುದಕ್ಕೆ ಬೇರೆ. ಮೂರು ಕಿಟ್ ಕೊಳ್ಳುವ ಬದಲು ಫೈಬರ್ ಸಾಮಾನಿನ ಅಂಗಡಿಯಲ್ಲಿ ಐಸೋಫ್ಥಾಲಿಕ್ ಎಂಬ ಬಗೆಯ ಪಾಲಿಯೆಸ್ಟರ್ ರೆಸಿನ್ ಕೆ.ಜಿ. ಲೆಕ್ಕದಲ್ಲಿ ತನ್ನಿ, ನೀರನ್ನು ಸಾಮಾನ್ಯ ರೆಸಿನ್‌ಗಿಂತ ಚೆನ್ನಾಗಿ ತಡೆಯುತ್ತದೆ. ಯಾವುದಾದರೂ ಜಾಗಕ್ಕೆ ಎಪಾಕ್ಸಿ (ಇನ್ನೊಂದು ಬಗೆಯ ರೆಸಿನ್) ಬಳಿದಿದ್ದರೆ ಅದರ ಮೇಲೆ ಮತ್ತೆ ಪಾಲಿಯೆಸ್ಟರ್ ಬೇಡ, ಸರಿಯಾಗಿ ಹಿಡಿಯುವುದಿಲ್ಲ.

ಕೆಲವರು ಕಿಟ್ ಜೊತೆ ಕಾರಿನ ಪುಟ್ಟಿಯನ್ನೂ ಸೇರಿಸಿ ಮಾರುತ್ತಾರೆ. ಅದರಲ್ಲಿರುವ ಟಾಲ್ಕ್ ಪುಡಿ ನೀರು ಹೀರುತ್ತದೆ, ನೀರಿನ ಮಟ್ಟದಿಂದ ಕೆಳಗೆ ಬಳಸಲೇಬಾರದು.

ಕರಾವಳಿಯಲ್ಲಿ ದೋಣಿ ದಡದಲ್ಲಿರುವುದು ಮಳೆಗಾಲಕ್ಕೆ, ಈ ಕೆಲಸಕ್ಕೆ ಅದೇ ಕೆಟ್ಟ ಕಾಲ. ತೇವ ಹಿಡಿದ ಮ್ಯಾಟ್ ರೆಸಿನ್ ಕುಡಿಯದೆ ಬೆಳ್ಳಗೆ ಉಳಿಯುತ್ತದೆ. ಬಳಸುವವರೆಗೂ ಪ್ಲಾಸ್ಟಿಕ್ ಬಿಚ್ಚಬೇಡಿ. ಕೊಳ್ಳುವಾಗ ರೆಸಿನ್ ತಯಾರಾದ ತಿಂಗಳು ನೋಡಿ, ಡಬ್ಬ ಓರೆ ಮಾಡಿ ನೋಡಿ: ಲೋಳೆಯಂತೆ ಗಂಟು ಕಂಡರೆ ವಾಪಸ್ ಕೊಡಿ.